ಗೇಟಿನ ಹಲಗೆಗೆ ನಾನು ಆರಿಸಿದ ಪದ

ಬಂಗಾರಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಮೂರು ವರ್ಷ ಪಾಠ ಮಾಡಿದೆ. ಅಲ್ಲಿಂದ ಹೊರಬಂದು ಈಗ ಒಂದೂವರೆ ವರ್ಷವಾಗಿದೆ. ಸಿಟ್ಟು ಇಳಿಯಲಿ, ಆಮೇಲೆ ಬರೆದರಾಯಿತು ಅಂತ ಇಷ್ಟು ದಿನ ಕಾದೆ. ಇಳಿಯಲಿಲ್ಲ. ಇನ್ನು ಕಾಯುವುದಿಲ್ಲ.

ಶಾಲೆಯ ಮಾಲೀಕರನ್ನು ನಾವೆಲ್ಲ ಕರೆಸ್ಪಾಂಡೆಂಟ್ ಸರ್ ಅಂತ ಕರೆಯುತ್ತಿದ್ದೆವು. ನಾನು ಸೇರಿದ ಎರಡನೇ ವರ್ಷ ಅವರು ಗೇಟಿನ ಪಕ್ಕ ಒಂದು ದೊಡ್ಡ ಹಲಗೆ ಹಾಕಿಸಿದರು. ದಿನಕ್ಕೊಂದು ಇಂಗ್ಲಿಷ್ ಪದ, ಕೆಳಗೆ ಅರ್ಥ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರ ಕಣ್ಣಿಗೆ ಅದು ಬೀಳಬೇಕು. ನನ್ನ ಕೈಬರಹ ದುಂಡಗಿತ್ತು, ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕವಾಗಿ ಓದಿದ್ದೆ. ಹಾಗಾಗಿ ಆ ಕೆಲಸ ನನಗೆ ಬಂತು.

ಮೊದಲ ದಿನ ನಾನು ಸುಮಾರಾದ ಒಂದು ಪದ ಬರೆದೆ. ಅವರು ಕಾರಿನಿಂದ ಇಳಿದು ನೋಡಿ ತಲೆಯಾಡಿಸಿದರು.

"ಇದು ಎಲ್ರಿಗೂ ಗೊತ್ತಿರುತ್ತೆ ಮೇಡಂ. ಯಾರಿಗೂ ಗೊತ್ತಿಲ್ಲದ್ದು ಹಾಕಿ. ಓದಿದ್ರೆ ಅರ್ಥ ಆಗಬಾರದು. ಆಗ ತಾನೆ ನಮ್ಮ ಸ್ಕೂಲು ಅಂದ್ರೆ ಏನು ಅಂತ ಗೊತ್ತಾಗೋದು."

ಆ ಮಾತಿಗೆ ಅವತ್ತೇ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು. ನಿಜ ಹೇಳಬೇಕೆಂದರೆ ತುಂಬ ಖುಷಿಯಾಯಿತು. ನಾನು ಏಳನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಕಾಲೇಜಿನಲ್ಲಿ ಇಂಗ್ಲಿಷ್ ಮಾತಾಡುವ ಹುಡುಗಿಯರ ಪಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದವಳು. ಅವರಿಗೂ ಗೊತ್ತಿಲ್ಲದ ಪದಗಳನ್ನು ನಾನು ಕಲಿಯುತ್ತೇನೆ, ಹಲಗೆಯ ಮೇಲೆ ಬರೆಯುತ್ತೇನೆ ಎನ್ನುವುದು ನನಗೆ ಹಬ್ಬದೂಟದಂತೆ ಕಂಡಿತ್ತು.

ನಮ್ಮ ಮನೆ ಇರುವುದು ಕಾಮಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ನಾಲ್ಕು ಸೀಮೆಹಸು, ಒಂದಿಷ್ಟು ಟೊಮೇಟೊ, ರಾಗಿ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಏಳೂವರೆಯ ಬಸ್ಸು ಹಿಡಿದು ಬಂಗಾರಪೇಟೆಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಫೋನಿನಲ್ಲಿ ಪದದ ಉಚ್ಚಾರ ಕೇಳುತ್ತಿದ್ದೆ. ಒಂದೇ ಪದ ಹತ್ತು ಸಲ, ಇಪ್ಪತ್ತು ಸಲ. ಲೂಗೂಬ್ರಿಯಸ್ ಅಂದರೆ ಅತಿಯಾಗಿ ಜೋಲುಮೋರೆ ಹಾಕಿಕೊಂಡಿರುವುದು. ಸುಸರಸ್ ಅಂದರೆ ಎಲೆಗಳ ಸರಸರ ಸದ್ದು. ನೀಲಗಿರಿ ತೋಪು ದಾಟುವಾಗ ಬಸ್ಸಿನ ಕಿಟಕಿಯಿಂದ ಆ ಸದ್ದು ಕೇಳುತ್ತಿತ್ತು, ಅದಕ್ಕೊಂದು ಹೆಸರಿದೆ ಎಂದು ನನ್ನೊಳಗೇ ಬೀಗುತ್ತಿದ್ದೆ. ಇನ್ನೂರು ಪುಟದ ನೋಟ್ ಪುಸ್ತಕ ಆರು ತಿಂಗಳಲ್ಲಿ ತುಂಬಿತು.

ಒಂದು ದಿನ ಹಾಲು ಕರೆಯುತ್ತ ಗೊಣಗುವುದನ್ನು ಅತ್ತೆ ಕೇಳಿಸಿಕೊಂಡರು.

"ಏನಮ್ಮೀ, ಅಸು ಮುಂದೆ ಕುಂತ್ಕೊಂಡು ಮಂತ್ರ ಏಳ್ತಿದ್ದೀಯಾ?"

"ಇಂಗ್ಲಿಷ್ ಪದ ಅತ್ತೆ. ಅಪ್ರಿಸಿಟಿ. ಅಂದ್ರೆ ಚಳಿಗಾಲದಲ್ಲಿ ಮೈಗೆ ಬೀಳೋ ಬಿಸಿಲಿನ ಕಾವು."

"ಎಳೆಬಿಸ್ಲು ಅನ್ನು. ಅದುಕ್ಕೆ ಇಂಗೆ ನಾಲ್ಗೆ ತಿರುಗಿಸ್ಬೇಕಾ?" ಎಂದು ಹುಲ್ಲಿನ ಕಟ್ಟು ಕೆಳಗಿಟ್ಟು ಹೋದರು. ನನಗೆ ಅವರ ಮೇಲೆ ಕೋಪ ಬಂತು. ತಿಳಿಯದವರು ಎಂದುಕೊಂಡೆ.

ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎನ್ನುವ ನಿಯಮವಿತ್ತು. ಆಡಿದವರು ಊಟದ ಬಿಡುವಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನಮ್ಮ ಮಕ್ಕಳ ಮನೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಲಸಿ ಹೋಗಿರುತ್ತವೆ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಆಡುವ ಮಕ್ಕಳು ಅವರು. ಗೇಟು ದಾಟಿ ಒಳಗೆ ಬಂದ ಕೂಡಲೇ ಮೂಗರಾಗುತ್ತಿದ್ದರು. ಒಂದನೇ ತರಗತಿಯ ಒಂದು ಮಗು ಲೂಗೂಬ್ರಿಯಸ್ ಅಂತ ತಪ್ಪಿಲ್ಲದೆ ಹೇಳುತ್ತಿತ್ತು. ಅದೇ ಮಗು, ಒಂದಕ್ಕೆ ಹೋಗಬೇಕು ಅಂತ ಇಂಗ್ಲಿಷಿನಲ್ಲಿ ಹೇಗೆ ಕೇಳುವುದೆಂದು ತಿಳಿಯದೆ ಬೆಂಚಿನ ಮೇಲೆಯೇ ಒದ್ದೆ ಮಾಡಿಕೊಂಡು, ಬಿಡುವಾದರೂ ಏಳದೆ ಕೂತಿತ್ತು. ಆಯಾ ಬಂದು ಬಟ್ಟೆ ಬದಲಿಸಿದಳು. ಅದನ್ನು ಕಂಡೂ ನಾನು ಮಾರನೆಯ ದಿನ ಹೊಸ ಪದ ಬರೆದೆ.

ಐದನೇ ತರಗತಿಯಲ್ಲಿ, ಮುಚ್ಚಿಹೋದ ಚಿನ್ನದ ಗಣಿಯ ಪಕ್ಕದ ಚಾಂಪಿಯನ್ ರೀಫ್ಸ್‌ನ ಒಬ್ಬ ಹುಡುಗಿ ಇದ್ದಳು. ಗಣಿ ಕಾರ್ಮಿಕರಿಗಾಗಿ ಕಟ್ಟಿದ ಹಳೆಯ ಲೈನ್ ಮನೆಗಳಲ್ಲಿ ಅವಳ ಮನೆ. ತಂದೆ ಇರಲಿಲ್ಲ. ತಾಯಿ ದಿನಾ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ಹೋಗುತ್ತ ಮಗಳನ್ನು ಬಂಗಾರಪೇಟೆಯಲ್ಲಿ ಇಳಿಸಿ, ಶಾಲೆಯ ವ್ಯಾನು ಹತ್ತಿಸಿ, ಅದೇ ರೈಲು ದಿಕ್ಕು ಬದಲಿಸಿ ಹೊರಡುವುದರೊಳಗೆ ಮತ್ತೆ ಓಡಿ ಹಿಡಿಯುತ್ತಿದ್ದಳು. ಮಧ್ಯಾಹ್ನ ಕರೆದುಕೊಂಡು ಹೋಗಲು ಬರುತ್ತಿದ್ದವರು ಹುಡುಗಿಯ ತಾತ. ಇಪ್ಪತ್ತೇಳು ವರ್ಷ ಗಣಿಯ ಒಳಗೆ ಕೆಲಸ ಮಾಡಿದವರು. ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗಿನ ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಬರುತ್ತಿದ್ದರು. ಗೇಟಿನೆದುರಿನ ಮೋರಿಯ ಕಟ್ಟೆಯ ಮೇಲೆ ಕೂತು, ಹಲಗೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು.

ಹುಡುಗಿ ದಿನದ ಪದವನ್ನು ನೋಟ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದೂ ತಪ್ಪಿಸುತ್ತಿರಲಿಲ್ಲ. ಒಮ್ಮೆ ನನ್ನನ್ನು ಮೂಲೆಗೆ ಕರೆದು, ಯಾರಿಗೂ ಕೇಳದಂತೆ ಕನ್ನಡದಲ್ಲಿ ಕೇಳಿದಳು.

"ಮಿಸ್, ಈ ಪದಗಳನ್ನೆಲ್ಲ ಯಾರು ಮಾತಾಡ್ತಾರೆ?"

"ಯಾರೂ ಮಾತಾಡಲ್ಲ. ಪುಸ್ತಕದಲ್ಲಿ ಇರುತ್ತೆ."

"ಹಾಗಾದ್ರೆ ನಾವೇ ಮಾತಾಡೋಣ ಮಿಸ್," ಎಂದಳು.

ನನಗೆ ಇಷ್ಟವಾದ ವಿದ್ಯಾರ್ಥಿನಿ ಅವಳೊಬ್ಬಳೇ ಎಂದರೂ ಸುಳ್ಳಲ್ಲ.

ಆ ಸೋಮವಾರ ಬಸ್ಸು ತಡವಾಗಿತ್ತು. ನೋಟ್ ಪುಸ್ತಕ ತೆರೆದು ಕೈಗೆ ಸಿಕ್ಕಿದ ಪದ ಬರೆದೆ. ಟ್ರಾಗ್ಲಡೈಟ್. ಅರ್ಥ: ಗುಹೆಯಲ್ಲಿ, ನೆಲದೊಳಗೆ ವಾಸಿಸುವವನು. ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಏನೂ ತಿಳಿಯದ ಒರಟ, ನಾಗರಿಕತೆ ಕಾಣದವನು ಎಂದು ಹೀಯಾಳಿಸುವ ಅರ್ಥ. ನನ್ನ ಪುಸ್ತಕದಲ್ಲಿ ಎರಡೂ ಇದ್ದವು. ಹಲಗೆಯಲ್ಲಿ ಜಾಗ ಸಾಲದೆಂದು ಮೊದಲನೆಯದನ್ನು ಮಾತ್ರ ಬರೆದೆ. ನೆಲದೊಳಗೆ ಇರುವವನು ಎಂದು ಬರೆಯುವಾಗ, ನನ್ನ ಮುಂದೆ ಕೂರುವ ಅರ್ಧ ಮಕ್ಕಳ ತಾತಂದಿರು ಗಣಿಗೆ ಇಳಿದವರು ಎನ್ನುವುದು ತಲೆಗೇ ಬರಲಿಲ್ಲ. ಚಾಂಪಿಯನ್ ರೀಫ್ಸ್, ನಂದಿದುರ್ಗದ ಗಣಿ ಕಾಲೋನಿಗಳಿಂದ ಎಷ್ಟೋ ಮಕ್ಕಳು ಬರುತ್ತಿದ್ದರು. ಬರೆಯುವವಳಿಗೆ ಅಷ್ಟೂ ಯೋಚನೆ ಇರಲಿಲ್ಲ.

ಅವತ್ತು ಪ್ರಾರ್ಥನೆಯ ಹೊತ್ತಿಗೆ ಹೊಸ ದಾಖಲಾತಿಗೆಂದು ಹತ್ತಿಪ್ಪತ್ತು ಜನ ಪೋಷಕರು ಬಂದಿದ್ದರು. ಅವರ ಮುಂದೆ ತೋರಿಸಿಕೊಳ್ಳಬೇಕಿತ್ತು. ಕರೆಸ್ಪಾಂಡೆಂಟ್ ಸರ್ ಮೈಕ್ ಹಿಡಿದು, ಇವತ್ತಿನ ಪದವನ್ನು ವಾಕ್ಯದಲ್ಲಿ ಬಳಸುವವರು ಯಾರು ಎಂದು ಕೇಳಿದರು. ನಾಲ್ಕನೇ ಸಾಲಿನಲ್ಲಿ ಆ ಹುಡುಗಿ ಕೈ ಎತ್ತಿದಳು. ಮುಂದೆ ಬಂದು ಮೈಕಿನ ಮುಂದೆ ನಿಂತು, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ತಾತ ಟ್ರಾಗ್ಲಡೈಟ್ ಆಗಿದ್ದರು, ದಿನವೂ ಎಂಟು ಗಂಟೆ ನೆಲದೊಳಗೆ ಇರುತ್ತಿದ್ದರು ಎಂದು.

ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ನಾನು ಬರೆದ ಅರ್ಥಕ್ಕೆ ಸರಿಯಾಗಿಯೇ ಇತ್ತು. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

ಕರೆಸ್ಪಾಂಡೆಂಟ್ ಸರ್ ಫೋನಿನಲ್ಲಿ ಪದವನ್ನು ಹುಡುಕಿಕೊಂಡು ಬಂದಿದ್ದರು. ಅವರಿಗೆ ಎರಡನೆಯ ಅರ್ಥ ಸಿಕ್ಕಿತ್ತು. ಅವರು ನಕ್ಕರು. ಪೋಷಕರ ಕಡೆ ತಿರುಗಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ವಿವರಿಸಿದರು.

"ಟ್ರಾಗ್ಲಡೈಟ್ ಅಂದ್ರೆ ಬುದ್ಧಿ ಬೆಳೀದೋನು, ಅನಾಗರಿಕ. ಪಾಪ, ಮಗು ತಾತನ ಬಗ್ಗೆ ನಿಜಾನೇ ಹೇಳಿದೆ."

ಪೋಷಕರು ನಕ್ಕರು. ದೊಡ್ಡವರು ನಕ್ಕದ್ದು ನೋಡಿ ಮಕ್ಕಳೂ ನಕ್ಕರು. ಮೇಷ್ಟ್ರುಗಳ ಸಾಲು ನಕ್ಕಿತು. ಆ ಸಾಲಿನಲ್ಲಿ ನಾನಿದ್ದೆ. ನಾನೂ ನಕ್ಕೆ. ಸದ್ದು ಬರಲಿಲ್ಲ, ಆದರೆ ಹಲ್ಲು ಕಂಡಿತ್ತು. ಹುಡುಗಿ ಆ ಹೊತ್ತಿನಲ್ಲಿ ಬೇರೆ ಯಾರನ್ನೂ ನೋಡದೆ ನನ್ನನ್ನೇ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಆ ಪದ ಶಾಲೆಯಲ್ಲೆಲ್ಲ ಹರಡಿತ್ತು. ಎರಡು ವರ್ಷದಲ್ಲಿ ನಾನು ಬರೆದ ನೂರಾರು ಪದಗಳಲ್ಲಿ ಮಕ್ಕಳು ತಾವಾಗಿ ಬಾಯಿಗೆ ತೆಗೆದುಕೊಂಡದ್ದು ಇದೊಂದನ್ನೇ. ಉದ್ದವಾಯಿತೆಂದು ಟ್ರಾಗ್ ಮಾಡಿಕೊಂಡರು. ವ್ಯಾನಿನಲ್ಲಿ ಟ್ರಾಗ್, ನೀರಿನ ನಲ್ಲಿಯ ಹತ್ತಿರ ಟ್ರಾಗ್. ಗೇಟಿನ ಹೊರಗೆ ಉಸಿರು ಸುಧಾರಿಸಿಕೊಳ್ಳುತ್ತ ಕೂತಿದ್ದ ಅವಳ ತಾತನನ್ನು ತೋರಿಸಿ, ಟ್ರಾಗ್ ಬಂದಿದೆ ಎಂದರು. ಹುಡುಗಿ ಕೈ ಎತ್ತುವುದನ್ನು ನಿಲ್ಲಿಸಿದಳು. ನೋಟ್ ಪುಸ್ತಕದ ಹಿಂದಿನ ಪುಟಗಳನ್ನು ಹರಿದು ಹಾಕಿದ್ದಳು. ದಾರದ ಹೊಲಿಗೆ ಸಡಿಲವಾಗಿ ಪುಸ್ತಕ ಜೋತಾಡುತ್ತಿತ್ತು.

ಮಕ್ಕಳನ್ನು ಬೈದೆ. ಒಬ್ಬ ಹುಡುಗ ಎದ್ದು ನಿಂತು, "ಸರ್ರೇ ಹೇಳಿದ್ರಲ್ಲ ಮಿಸ್," ಎಂದ.

ಮೂರನೆಯ ದಿನ ಆಫೀಸಿಗೆ ಹೋದೆ. ಕರೆಸ್ಪಾಂಡೆಂಟ್ ಸರ್ ಟೀ ಕುಡಿಯುತ್ತಿದ್ದರು.

"ಸರ್, ಆ ಹುಡುಗೀನ ಎಲ್ಲ ಆಡ್ಕೋತಿದ್ದಾರೆ. ನೀವು ಒಂದು ಮಾತು ಹೇಳಿದ್ರೆ ನಿಲ್ಲುತ್ತೆ."

"ಯಾವ ಮಾತು?"

"ಅವತ್ತು ಹೇಳಿದ್ದು ತಪ್ಪಾಯ್ತು ಅಂತ."

ಅವರು ಕಪ್ಪು ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ, ನಗುತ್ತಲೇ ಕೇಳಿದರು. "ಪದ ಆರಿಸಿದ್ದು ಯಾರು ಮೇಡಂ?"

ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ಕಾರಿಡಾರಿನಲ್ಲಿ ನಡೆಯುತ್ತ ಅವರಿಗೆ ಹೇಳಬೇಕಾಗಿದ್ದ ಮಾತೆಲ್ಲ ಒಂದೊಂದಾಗಿ ಹೊಳೆಯಿತು. ಅಂಥ ಪದ ಬೇಕು ಎಂದವರು ನೀವು. ಮಗುವಿನ ತಾತನನ್ನು ಅನಾಗರಿಕ ಎಂದವರು ನೀವು. ಒಳಗೆ ಒಂದೂ ಬಾಯಿಗೆ ಬಂದಿರಲಿಲ್ಲ. ಇನ್ನೂರು ಪುಟದಷ್ಟು ಪದ ಕಲಿತವಳಿಗೆ ಒಂದು ವಾಕ್ಯ ಹುಟ್ಟಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ತಾತ ಕಟ್ಟೆಯಿಂದ ಎದ್ದು ನನ್ನ ಹತ್ತಿರ ಬಂದರು.

"ಟೀಚರಮ್ಮಾ, ಅದೇನೋ ಟ್ರಾಗು ಅಂತ ಏಳ್ತಾರಂತೆ ಮಗೂನ. ಮನೇಲಿ ಊಟ ಮಾಡಲ್ಲ. ಕೇಳಿದ್ರೆ ಬಾಯಿ ಬಿಡಲ್ಲ. ಅರ್ಥ ಏನು ಏಳಿ."

ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವರು ನೇರವಾಗಿ ಮುಖ ನೋಡುತ್ತಿದ್ದರು. ಎರಡೂ ಅರ್ಥ ಹೇಳಿದೆ. ಅವತ್ತು ಮೈಕಿನಲ್ಲಿ ಏನಾಯಿತು ಎಂದೂ ಹೇಳಿದೆ. ನಾನು ನಕ್ಕದ್ದನ್ನು ಮಾತ್ರ ಹೇಳಲಿಲ್ಲ.

ಅವರು ಹಲಗೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಕೇಳಿದರು. "ಆ ಸಾರು ಯಾವತ್ತಾದ್ರೂ ಒಳಗೆ ಇಳ್ದವ್ರಾ?"

"ಇಲ್ಲ."

"ಕೆಳಗೆ ಬಂಡೆ ಮುಟ್ಟಿದ್ರೆ ಕೈ ಸುಡ್ತದೆ ಮಾ. ದೀಪ ಆರಿದ್ರೆ ಪಕ್ಕದೋನ ಮೂಗು ಕಾಣಲ್ಲ. ಆಗ ಒಬ್ರನ್ನೊಬ್ರು ಎಸರು ಇಡ್ಕೊಂಡು ಕೂಗ್ತಿದ್ವಿ. ಯಾರ ಎಸರಿಗೆ ಓ ಅನ್ನೋದು ಕೇಳಲ್ವೋ ಅವ್ರನ್ನ ಉಡುಕ್ತಿದ್ವಿ. ಬೇರೆ ಏನಂತಾನೂ ಕರೀತಿರ್ಲಿಲ್ಲ." ಉಸಿರು ಎಳೆದುಕೊಂಡು ಮುಂದುವರಿಸಿದರು. "ಎಲ್ರ ಮುಂದೆ ಏಳಿದ್ದು ತಾನೆ? ಎಲ್ರ ಮುಂದೇನೇ ಸರಿ ಮಾಡ್ಲಿ. ಅಷ್ಟೇ ಕೇಳೋದು ನಾನು."

ಅವರನ್ನು ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಒಂದು ಗಂಟೆಗೂ ಹೆಚ್ಚು ಕಾಯಿಸಿದರು. ಒಳಗೆ ಬೇರೆ ಯಾರೂ ಇರಲಿಲ್ಲ, ನನಗೆ ಗೊತ್ತು. ಕಿಟಕಿಯಿಂದ ಕಾಣುತ್ತಿತ್ತು, ಕರೆಸ್ಪಾಂಡೆಂಟ್ ಸರ್ ಫೋನು ನೋಡುತ್ತಿದ್ದರು. ಕೊನೆಗೆ ಒಳಗೆ ಕರೆದು ಕೂರಲು ಹೇಳದೆ ಮಾತಾಡಿಸಿದರು.

"ಏನ್ ತಾತ, ತಮಾಷೆಗೆ ಒಂದು ಮಾತು ಅಂದ್ರೆ ಇಷ್ಟು ದೊಡ್ಡದು ಮಾಡೋದಾ? ಇಲ್ಲಿನ ಶಿಸ್ತು ಒಗ್ಗಲ್ಲ ಅಂದ್ರೆ ಟಿ.ಸಿ. ಕೊಡ್ತೀನಿ, ತಗೊಂಡು ಹೋಗಿ."

"ಕೊಡಿ," ಎಂದರು ತಾತ.

ಸರ್ ಅದನ್ನು ನಿರೀಕ್ಷಿಸಿರಲಿಲ್ಲ. ಹೆದರುತ್ತಾರೆ, ಕೈ ಮುಗಿಯುತ್ತಾರೆ ಎಂದುಕೊಂಡಿದ್ದರು. ತಾತ ಅಲ್ಲೇ ನಿಂತು ಅರ್ಜಿಯ ಕೆಳಗೆ ರುಜು ಹಾಕಿದರು. ಮಾರನೆಯ ದಿನ ತಾಯಿ ಬಂದು ಟಿ.ಸಿ. ತೆಗೆದುಕೊಂಡು ಹೋದಳು. ಹುಡುಗಿ ಗೇಟಿನ ಒಳಗೂ ಬರಲಿಲ್ಲ.

ಅದರ ನಂತರದ ಸೋಮವಾರ ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ನಾನಾಗಿ ಹೋಗಿ ಮೈಕ್ ತೆಗೆದುಕೊಂಡೆ. ಕನ್ನಡದಲ್ಲೇ ಮಾತಾಡಿದೆ. ಹೋದ ಸೋಮವಾರ ಈ ಜಾಗದಲ್ಲಿ ಒಬ್ಬ ಹುಡುಗಿ ತನ್ನ ತಾತನ ದುಡಿಮೆಯ ಬಗ್ಗೆ ಹೇಳಿದಳು. ಅವಳು ಹೇಳಿದ್ದು ಸರಿ. ಅದಕ್ಕೆ ನಕ್ಕವರದ್ದು ತಪ್ಪು. ಕರೆಸ್ಪಾಂಡೆಂಟ್ ಸರ್ ಹೇಳಿದ್ದು ತಪ್ಪು. ನಾನು ನಕ್ಕದ್ದು ತಪ್ಪು. ಇಷ್ಟು ಹೇಳುವಷ್ಟರಲ್ಲಿ ಮೈಕಿನ ಸದ್ದು ನಿಂತಿತು. ಯಾರೋ ಸ್ವಿಚ್ಚು ತೆಗೆದಿದ್ದರು. ನಾನು ಗಂಟಲು ಎತ್ತರಿಸಿ, ನಿಮ್ಮಲ್ಲಿ ಎಷ್ಟು ಜನರ ತಾತಂದಿರು ಗಣಿಯಲ್ಲಿ ಇದ್ದರು, ಕೈ ಎತ್ತಿ ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೈಯೂ ಏಳಲಿಲ್ಲ.

ಮಧ್ಯಾಹ್ನದ ಒಳಗೆ ನನ್ನ ಕೆಲಸ ಹೋಯಿತು. ಶಾಲೆಯ ಆವರಣದಲ್ಲಿ ಕನ್ನಡ ಮಾತಾಡಿದ್ದು, ಅನುಮತಿ ಇಲ್ಲದೆ ಮೈಕ್ ಮುಟ್ಟಿದ್ದು ಎಂದು ಎರಡು ಕಾರಣ ಬರೆದಿದ್ದರು.

ಮನೆಗೆ ಬಂದು ಹೇಳಿದೆ. ನನ್ನ ಗಂಡ ಟೊಮೇಟೊ ಬಾಕ್ಸು ಕಟ್ಟುತ್ತ, "ನಿಂಗ್ಯಾಕ್ ಬೇಕಿತ್ತು," ಎಂದರು. ಅತ್ತೆ ಕೇಳಿದ್ದೇ ಬೇರೆ.

"ಆ ಮೊಗ ಸ್ಕೂಲ್ ಬಿಟ್ಟೋದ ಮ್ಯಾಲೆ ಏಳಿದ್ಯಾ? ಇದ್ದಾಗ ಯಾಕ್ ಏಳ್ಲಿಲ್ಲ?"

ಇಡೀ ಪ್ರಸಂಗದಲ್ಲಿ ನನಗೆ ಬಿದ್ದ ಪೆಟ್ಟೆಂದರೆ ಅದೇ. ಕೆಲಸ ಹೋದದ್ದು ಅದರ ಮುಂದೆ ಏನೂ ಅಲ್ಲ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅವರು ಹೇಳಿದ್ದು ನಿಜ ಎನ್ನುವ ಸಿಟ್ಟಿಗೆ ಬಿಟ್ಟೆ.

ಒಂದು ಭಾನುವಾರ ಚಾಂಪಿಯನ್ ರೀಫ್ಸ್‌ಗೆ ಹೋದೆ. ಲೈನ್ ಮನೆಗಳ ಹಿಂದೆ ಗಣಿಯ ಪುಡಿಮಣ್ಣು ಸುರಿದ ಬೂದು ಬಣ್ಣದ ಸೈನೈಡ್ ದಿಬ್ಬ, ಮುಂದೆ ಬೀದಿ ನಲ್ಲಿಯಲ್ಲಿ ಕೊಡಗಳ ಸಾಲು. ಕೇಳಿಕೊಂಡು ಹೋಗಿ ಮನೆ ಹಿಡಿದೆ. ತಾತ ಹೊರಗೆ ಕುರ್ಚಿ ಹಾಕಿ ಕೂರಿಸಿ, ತಾವೇ ಟೀ ಮಾಡಿ ತಂದರು. ಹುಡುಗಿ ಹತ್ತಿರದ ಸರ್ಕಾರಿ ಶಾಲೆಗೆ ಸೇರಿದ್ದಾಳೆ, ಚೆನ್ನಾಗಿ ಓದುತ್ತಿದ್ದಾಳೆ ಎಂದರು. ನಾನು ಬಂದದ್ದು ಕಂಡು ಅವಳು ಒಳಗೆ ಹೋಗಿದ್ದಳು. ಬಾಗಿಲಿಗೆ ಬಟ್ಟೆಯ ಪರದೆ ಇತ್ತು, ಕೆಳಗೆ ಅವಳ ಪಾದ ಕಾಣುತ್ತಿತ್ತು.

"ಬಾ ಮಾ, ಟೀಚರು ಬಂದವ್ರೆ," ಎಂದು ತಾತ ಕರೆದರು.

ಒಳಗಿನಿಂದ ಅವಳು ತಮಿಳಿನಲ್ಲಿ ಏನೋ ಹೇಳಿದಳು. ನನಗೆ ಅಷ್ಟು ತಮಿಳು ಬರುತ್ತದೆ. ಮಿಸ್ ಯಾಕೆ ನಕ್ಕರು ಅಂತ ಕೇಳಿ ತಾತಾ, ಎಂದಿದ್ದಳು.

ತಾತ ನನ್ನ ಕಡೆ ನೋಡಿದರು. ನಾನು ನಕ್ಕ ವಿಷಯ ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ ತಿಳಿಯದು. ಪ್ರಶ್ನೆಯನ್ನು ಅವರು ನನಗೆ ದಾಟಿಸಲಿಲ್ಲ.

ನಾನು ಪರದೆಯ ಕಡೆ ತಿರುಗಿ ಹೇಳಿದೆ. "ಎಲ್ರೂ ನಗ್ತಿದ್ರು. ನಾನೊಬ್ಬಳೇ ನಗದೆ ನಿಲ್ಲೋಕೆ ಭಯವಾಯ್ತು. ತಪ್ಪು ಮಾಡಿದೆ."

ಪಾದ ಅಲುಗಲಿಲ್ಲ. ಕಾದೆ. ಟೀ ತಣ್ಣಗಾಯಿತು, ಹಾಗೆಯೇ ಕುಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ನಲ್ಲಿಯ ಸಾಲಿನಲ್ಲಿ ನಿಂತಳು. ಪಕ್ಕದ ಹುಡುಗಿಯರ ಜೊತೆ ಜೋರಾಗಿ ಮಾತಾಡುತ್ತಿದ್ದಳು, ತಮಿಳು, ಕನ್ನಡ, ತೆಲುಗು ಎಲ್ಲ ಸೇರಿಸಿ. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

"ಚಿಕ್ಕ ಮಗು," ಎಂದರು ತಾತ. "ಬಂದಿದ್ರಲ್ಲ, ಸಾಕು. ಒರಡಿ, ಟ್ರೈನ್ ಟೈಮ್ ಆಯ್ತು."

ಸ್ಟೇಷನ್ನಿನವರೆಗೆ ನಡೆದುಕೊಂಡು ಹೋದೆ. ಅವಳು ಕ್ಷಮಿಸಲಿಲ್ಲವೆಂದು ನನಗೆ ಅವಳ ಮೇಲೆ ಬೇಸರವಿಲ್ಲ. ಕ್ಷಮಿಸದೇ ಇದ್ದದ್ದೇ ಸರಿ. ಹತ್ತು ವರ್ಷದ ಮಗುವಿಗೆ ಇದ್ದ ಗಟ್ಟಿತನ ಮೂವತ್ತನಾಲ್ಕು ವರ್ಷದ ನನಗೆ ಅವತ್ತು ಇರಲಿಲ್ಲ. ರೈಲು ಬಂತು, ಹತ್ತಿ ಬಾಗಿಲ ಬಳಿ ನಿಂತುಕೊಂಡೆ. ಬಂಗಾರಪೇಟೆ ಬರುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ.